ಮಿಷನ್ ಕೊಡುವವರಿದ್ದಾರೆ, ತಿಂಗಳ ಖರ್ಚು ಕೊಡುವವರು ಬೇಕು

ಸಂಪಾದಕರಿಗೆ,

ಮಾನ್ಯರೇ,

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಬ್ಯಾನರ್ ಕಟ್ಟುತ್ತಾರೆ, ಭಾಷಣ ಆಗುತ್ತದೆ, ತಾಯಿಹಾಲೇ ಅಮೃತ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ, ತಪ್ಪೇನಿಲ್ಲ. ಆದರೆ ಹಾಲು ಇನ್ನೂ ಇಳಿಯದ ತಾಯಿಯ ಮಗು, ಐಸಿಯುನಲ್ಲಿ ಮಲಗಿರುವ ತಾಯಿಯ ಮಗು, ಹೆರಿಗೆಯಲ್ಲೇ ತಾಯಿಯನ್ನು ಕಳಕೊಂಡ ಮಗು ಏನು ಕುಡಿಯಬೇಕು? ಆ ಮಾತು ವೇದಿಕೆಯ ಮೇಲೆ ಬರುವುದು ಕಡಿಮೆ. ಹಾಲು ಮಿಕ್ಕ ತಾಯಂದಿರಿಂದ ದಾನ ಪಡೆದು, ಶುದ್ಧ ಮಾಡಿ, ಇಂಥ ಮಕ್ಕಳಿಗೆ ಕೊಡುವ, ಲಾಭದ ಲೆಕ್ಕ ಇಲ್ಲದೆ ನಡೆಯುವ ಎದೆಹಾಲಿನ ಬ್ಯಾಂಕಿಗೆ ದಾವಣಗೆರೆಯ ಜನ ಬೆನ್ನಾಗಿ ನಿಲ್ಲಬೇಕು ಎಂದು ಕೇಳಲು ಈ ಪತ್ರ.

ನಾನು ಹಸುಗೂಸುಗಳ ಐಸಿಯುನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಮ್ಮ ಊರಿಗೆ ಹರಿಹರ, ಜಗಳೂರು, ಚನ್ನಗಿರಿ, ಹರಪನಹಳ್ಳಿ, ಅತ್ತ ಚಿತ್ರದುರ್ಗದ ಕಡೆಯಿಂದಲೂ ದಿನ ತುಂಬದ ಕೂಸುಗಳು ಆಂಬುಲೆನ್ಸಿನಲ್ಲಿ ಬರುತ್ತವೆ. ಕೂಸು ಇಲ್ಲಿ, ಸಿಸೇರಿಯನ್ ಆದ ತಾಯಿ ಅಲ್ಲಿ. ಬಿಪಿ ಏರಿ ಫಿಟ್ಸ್ ಬಂದಿದ್ದರಂತೂ ಆಕೆಯನ್ನು ಯಾವಾಗ ಕರೆತರುತ್ತಾರೋ ಹೇಳುವಂತಿಲ್ಲ. ಜೊತೆಗೆ ಬಂದ ಅಪ್ಪನ ಕೈಯಲ್ಲಿ ಒಂದು ಟವೆಲ್ಲು, ಒಂದು ಫೈಲು. ಅಷ್ಟೇ. ಆಗ ಡಬ್ಬಿ ಹಾಲಿಗೆ ಚೀಟಿ ಬರೆಯುತ್ತಾರೆ. ಬೇರೆ ದಾರಿ ಇಲ್ಲದಿದ್ದರೆ ಡಾಕ್ಟರ್ ತಾನೇ ಏನು ಮಾಡಿಯಾರು?

ತಿಂಗಳು ತುಂಬಿ ಹುಟ್ಟಿದ ಗಟ್ಟಿ ಮಗು ಡಬ್ಬಿ ಹಾಲನ್ನು ಹೇಗೋ ತಾಳಿಕೊಳ್ಳುತ್ತದೆ. ಒಂದು ಕಿಲೋ ತೂಕದ ಮಗುವಿನ ಕಥೆಯೇ ಬೇರೆ. ಅದರ ಕರುಳು ಇನ್ನೂ ಬಲಿತಿರುವುದಿಲ್ಲ. ಇಂಥ ಮಕ್ಕಳಿಗೆ ಕರುಳಿನ ಗೋಡೆಯೇ ಊದಿ ಕೊಳೆಯುವ ಒಂದು ಕಾಯಿಲೆ ಬರುತ್ತದೆ. ವಾರ್ಡಿನಲ್ಲಿ ಅದನ್ನು ಎನ್‌ಇಸಿ ಅನ್ನುತ್ತೇವೆ. ಹೊಟ್ಟೆ ಉಬ್ಬುತ್ತದೆ, ಹಸಿರು ವಾಂತಿ ಆಗುತ್ತದೆ, ಮಲದಲ್ಲಿ ರಕ್ತ ಬರುತ್ತದೆ. ಜಾಸ್ತಿಯಾದರೆ ಕರುಳು ತೂತು ಬಿದ್ದು ಆಪರೇಷನ್ನೇ ಗತಿ. ದಾನಿ ತಾಯಂದಿರ ಹಾಲು ಕುಡಿದ ಮಕ್ಕಳಿಗಿಂತ ಡಬ್ಬಿ ಹಾಲು ಕುಡಿದವರಲ್ಲಿ ಈ ಕಾಯಿಲೆ ಹೆಚ್ಚು ಎಂದು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ. ಕಡಿಮೆ ತೂಕದ ಮಗುವಿಗೆ ಮೊದಲು ಹೆತ್ತವಳ ಹಾಲು, ಅದು ಸಿಗದಿದ್ದರೆ ಶುದ್ಧ ಮಾಡಿದ ದಾನಿ ಹಾಲು, ಡಬ್ಬಿ ಅದಾದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ.

ಹಾಗಂತ ಕೊಡಗಟ್ಟಲೆ ಹಾಲು ಬೇಕು ಅಂದುಕೊಳ್ಳಬೇಡಿ. ಒಂದು ಕಿಲೋ ಮಗುವಿಗೆ ಶುರುವಿನಲ್ಲಿ ಇಡೀ ದಿನಕ್ಕೆ 20 ಎಂಎಲ್ ಸಾಕಾಗಬಹುದು. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ ಅರ್ಧ ಟೀ ಚಮಚಕ್ಕಿಂತ ಕಡಿಮೆ. ಸಿರಿಂಜಿನ ದಂಡಿ ತೆಗೆದು, ಮಗುವಿನ ಹೊಟ್ಟೆಗೆ ಇಳಿಸಿದ ನಳಿಗೆಗೆ ಸಿಕ್ಕಿಸಿ, ಎತ್ತಿ ಹಿಡಿದರೆ ಹಾಲು ತಾನಾಗಿಯೇ ಇಳಿಯುತ್ತದೆ. ಒತ್ತಬಾರದು. ಮಗು ದೊಡ್ಡದಾಗಿ ಗುಟುಕರಿಸಲು ಕಲಿತ ಮೇಲೆ ಒಳಲೆಯಲ್ಲಿ ಕುಡಿಸುವುದು.

ಅದೇ ಹೊತ್ತಿಗೆ ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬ ಬಾಣಂತಿಗೆ ಹಾಲು ಕಟ್ಟಿ ಎದೆ ಕಲ್ಲಾಗಿರುತ್ತದೆ. ನೋವು ತಡೆಯಲಾರದೆ ಹಿಂಡಿ, ಬಟ್ಟಲು ಹಿಡಿದುಕೊಂಡು ಬರುತ್ತಾಳೆ. "ಇದನ್ನ ಏನ್ ಮಾಡ್ಲಿ ಸಿಸ್ಟರ್, ಚೆಲ್ಲಿ ಬರ್ಲಾ?" ಹಳ್ಳಿಯಲ್ಲಾದರೆ ಯಾರೂ ತುಳಿಯದ ಜಾಗ ನೋಡಿ ಗಿಡದ ಬುಡಕ್ಕೆ ಹಾಕಿಸುತ್ತಾರೆ. ಆಸ್ಪತ್ರೆಯಲ್ಲಿ ಸಿಂಕಿಗೆ. ಎಷ್ಟು ಸಲ ನೋಡಿದರೂ ಹೊಟ್ಟೆ ಉರಿಯುತ್ತಿತ್ತು.

ಆದರೂ ಆ ಬಟ್ಟಲನ್ನು ಸೀದಾ ತಂದು ಇನ್ನೊಂದು ಮಗುವಿಗೆ ಕುಡಿಸುವಂತಿಲ್ಲ. ಹಿಂದೆ ಅತ್ತಿಗೆಯೋ ದೊಡ್ಡಮ್ಮನೋ ಮೊಲೆ ಕೊಟ್ಟು ಸಾಕಿದ ಮಕ್ಕಳು ಎಷ್ಟೋ ಮಂದಿ ಇದ್ದಾರೆ, ನಿಜ. ಆದರೆ ಎಚ್‌ಐವಿಯಂಥ ಸೋಂಕು ಹಾಲಿನ ಮೂಲಕ ದಾಟಬಹುದು. ಅದಕ್ಕೇ ಬ್ಯಾಂಕು. ಕೊಡುವ ತಾಯಿಯ ಒಪ್ಪಿಗೆ ಬರೆಸಿಕೊಂಡು ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿಸುತ್ತಾರೆ. ಏನು ಮಾತ್ರೆ ನುಂಗುತ್ತೀರಿ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತೀರಾ ಅಂತಲೂ ಕೇಳುತ್ತಾರೆ. ಹಾಕುವವರ ಹಾಲು ಬೇಡ. ಆಮೇಲೆ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಬೇಗ ತಣ್ಣಗೆ ಮಾಡಿ, ರೋಗಾಣು ಉಳಿದಿದೆಯೇ ಎಂದು ನೋಡಲು ಸ್ವಲ್ಪ ಹಾಲನ್ನು ಕಲ್ಚರಿಗೆ ಕಳಿಸುತ್ತಾರೆ. ಕಲ್ಚರಿನಲ್ಲಿ ಏನಾದರೂ ಬೆಳೆದರೆ ಆ ಹಾಲು ಚರಂಡಿಗೆ. ಸರಿ ಇದ್ದದ್ದು ಮೈನಸ್ 20 ಡಿಗ್ರಿಯ ಫ್ರೀಜರಿಗೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಹೊರಗೆ ಬರುತ್ತದೆ. ಹೀಗೆ ಬಿಸಿ ಮಾಡುವಾಗ ಹಾಲಿನ ರೋಗ ತಡೆಯುವ ಗುಣವೂ ಒಂದಿಷ್ಟು ಹೋಗುತ್ತದೆ. ಆದ್ದರಿಂದ ಹೆತ್ತವಳಿಗೆ ಹಾಲು ಬರುವಂತೆ ಮಾಡುವುದೇ ಬ್ಯಾಂಕಿನವರ ಮೊದಲ ಕೆಲಸ ಆಗಿರಬೇಕು. ದಾನಿ ಹಾಲು ಅಲ್ಲಿಯ ತನಕ ಮಾತ್ರ.

ಇದೇನು ಹೊಸದಲ್ಲ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಇಂಥ ಬ್ಯಾಂಕ್ ಶುರು ಮಾಡಿದರು, ಅದೂ ಪಾಲಿಕೆ ಆಸ್ಪತ್ರೆಯಲ್ಲಿ. ಬೆಂಗಳೂರಿನ ವಾಣಿವಿಲಾಸದಲ್ಲಿ 2022ರಿಂದ ಇದೆ. ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಹಾಲು ದಾನವಾಗಿಯೇ ಬರಬೇಕು, ವ್ಯಾಪಾರ ಆಗಬಾರದು ಅನ್ನುವುದು ಅದರಲ್ಲಿದೆ. ಎದೆಹಾಲು ಸಂಸ್ಕರಿಸಿ ಮಾರಲು ಕಾನೂನಿನಲ್ಲಿ ಅವಕಾಶ ಇಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಮತ್ತೆ ಎಚ್ಚರಿಸಿತು. ಒಳ್ಳೆಯದೇ ಆಯಿತು. ಲೀಟರಿಗೆ ಇಷ್ಟು ಅಂತ ರೇಟು ಕಟ್ಟಿದರೆ ಬಡವರ ಮನೆಯ ಬಾಣಂತಿ ತನ್ನ ಮಗುವಿನ ಪಾಲನ್ನೇ ಮಾರಬೇಕಾದೀತು. ಹಾಲಿಗೆ ನೀರು ಬೆರೆಸುವವರೂ ಹುಟ್ಟಿಕೊಂಡಾರು, ಅದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾರುವಂತಿಲ್ಲ ಅಂದ ಮೇಲೆ ಖರ್ಚು ಯಾರು ನೋಡಿಕೊಳ್ಳಬೇಕು? ನನ್ನ ಪತ್ರದ ಮುಖ್ಯ ಮಾತು ಇದೇ. ದಾವಣಗೆರೆಯಲ್ಲಿ ದಾನಿಗಳಿಗೆ ಬರ ಇಲ್ಲ. ಚಿಗಟೇರಿ ಆಸ್ಪತ್ರೆ, ರಾಜನಹಳ್ಳಿ ಹನುಮಂತಪ್ಪನವರ ಛತ್ರ ಅಂತ ದಾನಿಗಳ ಹೆಸರೇ ಊರಿನ ಗುರುತಾಗಿವೆ. ಹಾಲನ್ನು ಹಾಗೆ ಬಿಸಿ ಮಾಡಿ ಶುದ್ಧಗೊಳಿಸುವ ಪಾಶ್ಚರೀಕರಣದ ಮಿಷನ್ನು, ಡೀಪ್ ಫ್ರೀಜರು ಕೊಡಿಸುವ ಪುಣ್ಯಾತ್ಮರು ನಾಳೆಯೇ ಸಿಗುತ್ತಾರೆ. ರಿಬ್ಬನ್ ಕತ್ತರಿಸುತ್ತಾರೆ, ಮಿಷನ್ ಮೇಲೆ ಹೆಸರು ಬರೆಸುತ್ತಾರೆ, ಫೋಟೋ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ಆಮೇಲೆ? ರಕ್ತ ಪರೀಕ್ಷೆಯ ಕಿಟ್ಟು, ಕಲ್ಚರಿನ ಚಾರ್ಜು, ಬಾಟಲಿ, ಲೇಬಲ್ಲು, ಕರೆಂಟು ಬಿಲ್ಲು ತಿಂಗಳು ತಿಂಗಳೂ ಬರುತ್ತವೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಫ್ರೀಜರ್ ಕಾಯಲು ಜನರೇಟರಿಗೆ ಡೀಸೆಲ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬ ಕೌನ್ಸೆಲರ್ ಬೇಕು. ಬಾಣಂತಿಯ ಪಕ್ಕ ಕೂತು, ಅವಳ ಅತ್ತೆಗೂ ತಿಳಿಸಿ ಹೇಳಿ, ಹಾಲು ಹಿಂಡುವುದನ್ನು ಕಲಿಸುವವಳು. ಅವಳಿಗೆ ಸಂಬಳ ಇಲ್ಲದಿದ್ದರೆ ಮಿಷನ್ನಿಗೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳುತ್ತಾರೆ. ಬೇರೆ ಬೇರೆ ಮಿಷನ್ನುಗಳಿಗೆ ಆ ಗತಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಬಳದ ಮೇಲೆ ಯಾರ ಹೆಸರನ್ನೂ ಬರೆಸಲು ಆಗುವುದಿಲ್ಲ, ತೊಂದರೆ ಅದೇ ಇರಬೇಕು.

ಜನರ ಅನುಮಾನಗಳನ್ನೂ ತಳ್ಳಿಹಾಕಬಾರದು. ಕೊಟ್ಟರೆ ನಮ್ಮ ಮಗುವಿಗೆ ಕಡಿಮೆ ಆಗುತ್ತೆ ಅನ್ನುತ್ತಾರೆ. ಸಾಮಾನ್ಯವಾಗಿ ತೆಗೆದಷ್ಟೂ ಹಾಲು ಊರುತ್ತದೆ. ಆದರೂ ಸ್ವಂತ ಮಗು ಕುಡಿದು ಮಿಕ್ಕಿದ್ದನ್ನೇ ತಗೋಬೇಕು. ದೃಷ್ಟಿ ಆಗುತ್ತೆ ಅನ್ನುವವರೂ ಇದ್ದಾರೆ. ಅವರನ್ನು ನೋಡಿ ನಗುವುದರಿಂದ ಏನೂ ಸಿಗುವುದಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ ಅಂತ ಹೇಳಿದರೆ ಒಪ್ಪುತ್ತಾರೆ. ಮುಸ್ಲಿಂ ಕುಟುಂಬಗಳಲ್ಲಿ ಒಬ್ಬಳ ಹಾಲು ಕುಡಿದ ಮಕ್ಕಳು ಅಣ್ಣತಂಗಿಯರಂತೆ, ಅವರ ನಡುವೆ ಮದುವೆ ಆಗುವಂತಿಲ್ಲ. ಬ್ಯಾಂಕುಗಳಲ್ಲಿ ಹಲವರ ಹಾಲನ್ನು ಬೆರೆಸುವುದು ಉಂಟು. ಇದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಕೇಳಿದವರಿಗೆ ಒಬ್ಬಳೇ ದಾನಿಯ ಹಾಲನ್ನು ಬೆರೆಸದೆ ಕೊಟ್ಟು ದಾಖಲೆ ಇಡಲು ಆಗುತ್ತದೆಯೇ ನೋಡಬೇಕು. ಧರ್ಮಗುರುಗಳನ್ನು ಉದ್ಘಾಟನೆಗೆ ಕರೆಯುವ ಬದಲು ನಿಯಮ ಬರೆಯುವಾಗಲೇ ಕೂರಿಸಿಕೊಂಡರೆ ಒಳ್ಳೆಯದು.

ಈ ಸಲದ ಸಪ್ತಾಹದಲ್ಲಿ ದಾನಿಗಳು, ರೋಟರಿ, ಲಯನ್ಸ್‌ನವರು ಒಂದು ಕೆಲಸ ಮಾಡಲಿ. ಮಿಷನ್ನಿನ ಬಿಲ್ಲಿನ ಜೊತೆಗೆ ಮೂರು ವರ್ಷದ ನಿರ್ವಹಣೆಯ ಖರ್ಚು, ಒಬ್ಬ ಕೌನ್ಸೆಲರ್ ಸಂಬಳ ಎಷ್ಟಾಗುತ್ತೆ ಅಂತ ಆಸ್ಪತ್ರೆಯವರಿಂದ ಬರಹದಲ್ಲಿ ಕೇಳಿ ಪಡೆಯಲಿ. ಬ್ಯಾಂಕ್ ನಡೆಸುವವರು ಎಷ್ಟು ಹಾಲು ಬಂತು, ಎಷ್ಟು ಚೆಲ್ಲಬೇಕಾಯಿತು, ಎಷ್ಟು ಮಕ್ಕಳಿಗೆ ಹೋಯಿತು ಅನ್ನುವ ಲೆಕ್ಕವನ್ನು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಲಿ. ಆ ಲೆಕ್ಕಕ್ಕೆ ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಕಿ
ವಿದ್ಯಾನಗರ, ದಾವಣಗೆರೆ