ಕಾಯಿಹಾಲಿನ ಐಸ್‌ಕ್ರೀಂ ಕೇಳಿದ ಪುಟ್ಟಿಗೆ

ಕುಂದಾಪುರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರ ಸೋಮವಾರ ಕೈಸೇರಿತು. ಹಾಲಿಲ್ಲದ ಐಸ್‌ಕ್ರೀಂ ಮನೆಯಲ್ಲಿ ಹೇಗೆ ಮಾಡುವುದು, ಕಾಯಿಹಾಲು ಎಷ್ಟು ಬೇಕು, ಹಲಸಿನ ಹಣ್ಣು ಸೇರಿಸಬಹುದೇ ಎಂದು ಎರಡು ಪುಟ ತುಂಬ ಕೇಳಿದ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಒಂದು ಸಾಲು ಬರೆದಿದ್ದೀಯ: "ದೊಡ್ಡಮ್ಮ, ನನ್ನ ಕೈಯಿಂದಲೇ ಮಾಣಿಗೆ ಏನಾದರೂ ಆಗಿಬಿಟ್ಟರೆ?" ಉಳಿದದ್ದನ್ನೆಲ್ಲ ಓದಿ ಮಡಿಸಿಟ್ಟೆ. ಆ ಸಾಲನ್ನು ಮಾತ್ರ ಮಡಿಸಿಡಲು ಆಗಲಿಲ್ಲ. ರಾತ್ರಿ ಎದ್ದು ಮತ್ತೊಮ್ಮೆ ದೀಪ ಹಾಕಿ ಓದಿದೆ. ಇವತ್ತು ಗುರುವಾರ. ಮೂರು ದಿನ ಉತ್ತರ ಬರೆಯದೆ ಕುಳಿತದ್ದಕ್ಕೆ ಕಾರಣ ಆ ಸಾಲೇ.

ಹಾಲು ಹೊಟ್ಟೆಗೆ ಹೋದರೆ ನಿನ್ನ ಮಾಣಿಗೆ ಏನಾಗುತ್ತದೆ, ವೈದ್ಯರು ಏನೆಂದರು, ಕಳೆದ ದೀಪಾವಳಿಯ ರಾತ್ರಿ ನಿಮ್ಮ ಮನೆಯಲ್ಲಿ ಏನು ನಡೆಯಿತು ಎಂಬುದೆಲ್ಲ ನಮಗೆ ಗೊತ್ತೇ ಇದೆ. ಅದನ್ನು ಮತ್ತೆ ಎತ್ತುವುದಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ನನ್ನಲ್ಲಿದೆ. ಅದನ್ನು ಹೇಳದೆ ಕಾಯಿಹಾಲಿನ ಲೆಕ್ಕ ಬರೆದುಕೊಟ್ಟರೆ ಅದು ನನ್ನ ಕಡೆಯಿಂದ ಇನ್ನೊಂದು ಮೋಸವಾಗುತ್ತದೆ. ಆದರೂ ಮೊದಲು ನೀನು ಕೇಳಿದ್ದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲವಾದರೆ ಬರೆಯುತ್ತಾ ಬರೆಯುತ್ತಾ ಅದು ಮರೆತೇ ಹೋದೀತು.

ಎರಡು ಬಲಿತ ಕಾಯಿ ತುರಿದು, ಉಗುರುಬೆಚ್ಚಗಿನ ನೀರನ್ನು ತೀರ ಸ್ವಲ್ಪ ಹಾಕಿ ರುಬ್ಬಿ ಹಿಂಡಿದರೆ ಸುಮಾರು ಎರಡು ಲೋಟ ದಪ್ಪ ಹಾಲು ಸಿಗುತ್ತದೆ. ಆ ಚರಟಕ್ಕೇ ಮತ್ತೆ ನೀರು ಹಾಕಿ ಹಿಂಡಿದ ತೆಳು ಹಾಲನ್ನು ಒಂದು ಲೋಟದಷ್ಟು ಬೇರೆ ಇಟ್ಟುಕೋ. ತೆಳು ಹಾಲಿನಲ್ಲಿ ಮುಕ್ಕಾಲು ಲೋಟ ಬೆಲ್ಲ ಕರಗಿಸಿ ಸೋಸಿ, ಎರಡು ಚಮಚ ಕೂವೆ ಹಿಟ್ಟನ್ನು (ಆರಾರೂಟ್) ತಣ್ಣೀರಿನಲ್ಲಿ ಕದಡಿ ಅದಕ್ಕೆ ಸೇರಿಸಿ, ಹೊಳಪು ಬಂದು ಸೌಟಿಗೆ ಅಂಟುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸು. ದಪ್ಪ ಹಾಲು ಹಾಕುವುದು ಒಲೆ ಆರಿಸಿದ ಮೇಲೆಯೇ. ಪಾಯಸಕ್ಕೆ ನಿನ್ನ ಅಜ್ಜಿ ಮಾಡುತ್ತಿದ್ದ ಹಾಗೆಯೇ, ಅದನ್ನು ಕುದಿಸಿದರೆ ಒಡೆದು ಎಣ್ಣೆ ಬಿಡುತ್ತದೆ. ಇಷ್ಟೇ ಸಾಮಾನು, ಪುಟ್ಟಿ. ಇದರಲ್ಲಿ ಹಾಲು ಬರುವುದಕ್ಕೆ ದಾರಿಯೇ ಇಲ್ಲ, ಯಾರಾದರೂ ತಂದು ಸುರಿದ ಹೊರತು. ಈ ಮಾತು ಬರೆಯುವಾಗ ನನ್ನ ಕೈ ನಿಂತಿತು.

1987ರ ಚೌತಿ. ನನ್ನ ನಾದಿನಿ ತನ್ನ ಐದು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗುವಿಗೆ ಹಾಲು ಆಗುವುದಿಲ್ಲ ಎಂದು ಅವಳು ಬಂದ ದಿನವೇ ಹೇಳಿದ್ದಳು. ಆ ಮಾತು ನಮಗೆ ಯಾರಿಗೂ ಹಿಡಿಸಲಿಲ್ಲ. ಹಟ್ಟಿಯಲ್ಲಿ ಎರಡು ಕರೆಯುವ ಹಸು ಇದ್ದ ಮನೆ ಅದು. ಹಾಲು ಕುಡಿದು ಯಾರಿಗಾದರೂ ಕೆಡುಕಾಗುತ್ತದೆ ಎನ್ನುವುದನ್ನು ಕೇಳಿದರೆ ನಮ್ಮತ್ತೆಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಬ್ಬದ ದಿನ ಹೆಸರುಬೇಳೆ ಪಾಯಸಕ್ಕೆ ನಾದಿನಿಯೇ ಕಾಯಿ ತುರಿದು, ರುಬ್ಬಿ, ಹಾಲು ಹಿಂಡಿಕೊಟ್ಟು, ದೇವರ ಮನೆಯ ಕೆಲಸಕ್ಕೆ ಹೋದಳು. ಪಾಯಸ ಸ್ವಲ್ಪ ನೀರಾಗಿದೆ ಎಂದು ನನಗನ್ನಿಸಿತು. ಒಲೆಯ ಪಕ್ಕದಲ್ಲಿ ಕಾಸಿದ ಹಾಲಿತ್ತು. ಒಂದು ಲೋಟ ಸುರಿದೆ. ಮರೆತು ಸುರಿದದ್ದಲ್ಲ. ಮಗುವಿನ ನೆನಪು ಆಗ ಬಂದಿತ್ತು. ಇಷ್ಟರಿಂದ ಏನಾಗುತ್ತದೆ, ಹೀಗೆಯೇ ಒಗ್ಗಲಿ ಎಂದುಕೊಂಡೆ. ಕಂದು ಬಣ್ಣದ ಪಾಯಸದ ಮೇಲೆ ಬಿಳಿಯ ಗೆರೆ ಒಂದು ಸುತ್ತು ತಿರುಗಿ ಕರಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾಲ್ಕು ತುತ್ತು ತಿಂದ ಮಗು, "ಅಮ್ಮ, ಗಂಟಲಲ್ಲಿ ಇರುವೆ ಹರಿಯುತ್ತಿದೆ" ಎಂದಿತು. ನಾವು ನಕ್ಕೆವು. ಆಮೇಲೆ ಕುತ್ತಿಗೆಯ ಮೇಲೆ ಕಂಬಳಿಹುಳ ತಾಗಿದಂತೆ ದದ್ದು ಎದ್ದಿತು, ತುಟಿ ಊದಿತು. ಪಿತ್ತಗಂಧೆ ಎಂದು ಕಂಬಳಿ ಹೊದಿಸಿ ಕೂರಿಸಿದೆವು. ಅದರಲ್ಲೇ ಅರ್ಧ ಗಂಟೆ ಹೋಯಿತು. ಉಸಿರು ಸಿಳ್ಳೆ ಹಾಕಲು ತೊಡಗಿದ ಮೇಲೆ ನೆರೆಮನೆಯವರ ಅಂಬಾಸಿಡರ್ ಕಾರಿನಲ್ಲಿ ಆಸ್ಪತ್ರೆಗೆ ಒಯ್ದರು. ಡಾಕ್ಟರು ಸೂಜಿ ಚುಚ್ಚಿದರು. ಮಗು ಉಳಿಯಿತು.

ಮರಳಿ ಬಂದ ಮೇಲೆ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತಿಗೆ, ಹಾಲು ಸೇರಿತ್ತೇನು?" ನಾನು "ಇಲ್ಲ" ಎಂದೆ. ಅವಳು ತನ್ನ ಅಂಗೈ ನೋಡಿಕೊಂಡು, "ಹಾಗಾದರೆ ಕಾಯಿಯೇ ಆಗಲಿಲ್ಲ. ನಾನೇ ತುರಿದದ್ದು. ನನ್ನ ಕೈಯಿಂದಲೇ ಆಯಿತಲ್ಲ" ಎಂದಳು.

ನಿನ್ನ ಪತ್ರದ ಅಂಚಿನಲ್ಲಿ ನಾನು ಓದಿದ್ದು ಅದೇ ಮಾತು.

ಅವಳು ಆರು ವರ್ಷ ಆ ಮಗನಿಗೆ ಕಾಯಿ ಕೊಡಲಿಲ್ಲ. ಕಾಯಿಯಿಲ್ಲದ ಹುಳಿ, ಕಾಯಿಯಿಲ್ಲದ ಪಲ್ಯ, ಚಟ್ನಿಯೂ ಇಲ್ಲ. ನಮ್ಮ ಕಡೆಯ ಮನೆಯಲ್ಲಿ ಕಾಯಿ ಬಿಟ್ಟು ಒಂದು ಮಗುವನ್ನು ಸಾಕುವುದೆಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಹಾಲಿಲ್ಲದ ಆ ಮಗುವಿಗೆ ಒದಗಬಹುದಾಗಿದ್ದ ಎಲ್ಲ ರುಚಿಯೂ ಕಾಯಿಹಾಲಿನಲ್ಲಿತ್ತು, ಅದನ್ನೂ ನಾನು ಒಂದು ಮಾತಿನಿಂದ ಕಿತ್ತುಕೊಂಡೆ. ಪ್ರತಿ ಬೇಸಗೆಯಲ್ಲೂ ನಿಜ ಹೇಳಬೇಕೆಂದುಕೊಳ್ಳುತ್ತಿದ್ದೆ. ಅವಳು 2019ರಲ್ಲಿ ತೀರಿಹೋದಳು, ತಿಳಿಯದೆಯೇ. ಇದನ್ನು ನಾನು ಬರೆಯುತ್ತಿರುವುದು ಇದೇ ಮೊದಲು.

ಆದ್ದರಿಂದ ನಿನ್ನ ಭಯದ ಬಗ್ಗೆ ನಾನು ಹಗುರವಾಗಿ ಮಾತನಾಡಲಾರೆ. ಹೆದರಬೇಡ ಎಂದು ಬರೆಯಲು ಮೂರು ದಿನವೂ ಮನಸ್ಸು ಒಪ್ಪಲಿಲ್ಲ. ಅಂದು ಆ ಅಡುಗೆಮನೆಯಲ್ಲಿ ಇಬ್ಬರ ಕೈ ಕೆಲಸ ಮಾಡಿತ್ತು. ಹೆದರಿಕೊಂಡು ಜೋಪಾನವಾಗಿ ತುರಿದ ಕೈ ಒಂದು, ಯಾವ ಹೆದರಿಕೆಯೂ ಇಲ್ಲದೆ ಸುರಿದ ಕೈ ಇನ್ನೊಂದು. ನಿನ್ನದು ಅವಳ ಕೈ, ಪುಟ್ಟಿ. ಅದನ್ನು ನೀನು ಅನುಮಾನಿಸುವುದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ. ಅನುಮಾನಿಸಬೇಕಾದದ್ದು ನನ್ನಂಥವರನ್ನು. "ಹಾಲು ಸೇರಿದೆಯೇ" ಎಂದು ಎದುರಿಗೆ ನಿಂತು ಕೇಳು, "ಇಲ್ಲ" ಎಂದರೆ "ಏನೇನು ಹಾಕಿದಿರಿ" ಎಂದು ಮತ್ತೆ ಕೇಳು. ಹಿರಿಯರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನನ್ನನ್ನೂ ಕೇಳು.

ಏಕೆಂದರೆ ನಾನು ಈಚೆಗೂ ತಪ್ಪಿದ್ದೇನೆ. ಹೋದ ಬೇಸಗೆಯಲ್ಲಿ, ಮಾಣಿಗೆ ಎಳನೀರಿನ ಐಸ್‌ಕ್ರೀಂ ಕೊಡಿಸು, ಅದು ಎಳನೀರಿನದಲ್ಲವೇ ಎಂದು ಫೋನಿನಲ್ಲಿ ಹೇಳಿದವಳು ನಾನೇ. ನೀನು ವಿಚಾರಿಸಿ, ಅದರಲ್ಲಿ ಹಾಲೂ ಕೆನೆಯೂ ಇದೆಯೆಂದು ತಿಳಿದು ಬಿಟ್ಟೆ. ಆ ಮೇಲೆ ನಾನು ಅಂಗಡಿಗೆ ಹೋದಾಗಲೆಲ್ಲ ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಬದಿ ಓದುವುದನ್ನು ಕಲಿತೆ. ನಿನಗೆ ತಿಳಿದಿರಬಹುದು, ಆದರೂ ಬರೆಯುತ್ತೇನೆ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಹಾಕಿ ಮಾಡಿದ್ದಕ್ಕೆ ‘ಫ್ರೋಜನ್ ಡೆಸರ್ಟ್’ ಎಂದು ಅಚ್ಚು ಹಾಕಿರುತ್ತಾರೆ. ಕೊಬ್ಬು ಎಣ್ಣೆಯದ್ದಾದರೂ ಅದರಲ್ಲಿ ಸಾಮಾನ್ಯವಾಗಿ ಹಾಲಿನ ಪುಡಿ ಇದ್ದೇ ಇರುತ್ತದೆ. ಹಸಿರು ಚುಕ್ಕೆ ನೋಡಿ ನಂಬಬೇಡ, ಹಾಲು ಬೆಣ್ಣೆಗೂ ಅದೇ ಚುಕ್ಕೆ. 2022ರ ನಿಯಮಗಳ ಮೇಲೆ ಹಾಲೂ ಸೇರಿ ಪ್ರಾಣಿಜನ್ಯವೇನೂ ಹಾಕಿಲ್ಲ ಎನ್ನುವ ವೀಗನ್ ಗುರುತು ಬಂದಿದೆಯಾದರೂ, ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗುತ್ತದೆಯೇ ಎಂಬುದನ್ನು ಬೇರೆಯಾಗಿ ಓದಿ ನೋಡಬೇಕು. ನನಗೆ ಎಲ್ಲಕ್ಕಿಂತ ದಿಗಿಲಾದದ್ದು ಕಾಯಿಹಾಲಿನ ಪುಡಿಯ ಪೊಟ್ಟಣ ಓದಿದಾಗ. ಕಾಯಿಯ ಚಿತ್ರ ಮುಂದೆ, ಹಿಂದೆ ಸಣ್ಣ ಅಕ್ಷರದಲ್ಲಿ ‘ಸೋಡಿಯಂ ಕೇಸಿನೇಟ್’. ಅದು ಹಾಲಿನ ಪ್ರೋಟೀನೇ. ಎಲ್ಲ ಪುಡಿಯಲ್ಲೂ ಇರುವುದಿಲ್ಲ, ಹಲವದರಲ್ಲಿ ಇರುತ್ತದೆ. ಕೋನು, ಬಿಸ್ಕತ್ತು, ಮೇಲೆ ಉದುರಿಸುವ ಚಾಕೊಲೇಟು, ಯಾವುದನ್ನೂ ಓದದೆ ಒಳಗೆ ತರಬೇಡ. ಲ್ಯಾಕ್ಟೋಸ್ ಇಲ್ಲದ ಹಾಲು, ಎ2 ಹಾಲು, ಆಡಿನ ಹಾಲು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡ. ಮಾಣಿಯ ಶತ್ರು ಹಾಲಿನ ಪ್ರೋಟೀನು, ಅದು ಇವೆಲ್ಲದರಲ್ಲೂ ಇದೆ, ತುಪ್ಪದಲ್ಲಿಯೂ ಅದರ ಅಂಶ ಉಳಿದಿರುತ್ತದೆ. ಒಂದೊಂದು ಚಮಚ ಕೊಟ್ಟು ಒಗ್ಗಿಸು ಎನ್ನುವವರ ಮಾತನ್ನಂತೂ ನನ್ನ ಕಥೆಯ ಪಕ್ಕದಲ್ಲಿಟ್ಟು ನೋಡು. ಹಾಗೆ ಕೊಟ್ಟು ನೋಡುವ ಕಾಲ ಬಂದರೆ ಅದು ವೈದ್ಯರ ಎದುರಿನಲ್ಲೇ ಆಗಬೇಕು.

ಇಷ್ಟೊಂದು ಬರೆದು ನಿನ್ನ ಭಯ ಹೆಚ್ಚಿಸಿದೆನೋ ಏನೋ. ಮನ್ನಿಸು. ನಾನು ಹೇಳಹೊರಟದ್ದು, ಪೊಟ್ಟಣಕ್ಕಿಂತ ನೀನು ತುರಿದ ಕಾಯಿಯೇ ಮೇಲು ಎಂದು. ಕಾಯಿ ಒಡೆದು ತುರಿಯುವಾಗ ಒಳಗೆ ಏನಿದೆ ಎಂದು ಓದಬೇಕಾಗಿಲ್ಲ.

ಐಸ್‌ಕ್ರೀಂ ವಿಷಯ ಅರ್ಧಕ್ಕೇ ಬಿಟ್ಟೆ. ತಣಿದ ಮೇಲೆ ಬಕ್ಕೆ ಹಲಸಿನ ನಾಲ್ಕೈದು ತೊಳೆ ನುಣ್ಣಗೆ ಅರೆದು ಸೇರಿಸು. ಮಾಣಿ ಹಲಸು ಮೊದಲೇ ತಿಂದಿದ್ದಾನೆಂದು ಬರೆದಿದ್ದೀಯ, ಹಾಗಾಗಿ ಹೇಳಿದೆ. ಗೇರುಬೀಜದ ಹಾಲು ಹಾಕಿದರೆ ಇನ್ನೂ ನುಣುಪಾಗುತ್ತದಂತೆ, ಆದರೆ ಅದನ್ನು ವೈದ್ಯರನ್ನು ಕೇಳದೆ ಹಾಕಬೇಡ. ಚಿಟಿಕೆ ಉಪ್ಪು. ಬೆಲ್ಲ ಕಡಿಮೆ ಮಾಡಬೇಕೆಂದು ನಿನಗೆ ಅನ್ನಿಸೀತು. ಮಾಡಿದರೆ ಐಸ್‌ಕ್ರೀಂ ಕಲ್ಲಾಗುತ್ತದೆ, ಸಿಹಿ ಕರಗಿದ ನೀರು ಬೇಗ ಗಟ್ಟಿಯಾಗುವುದಿಲ್ಲ. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಫ್ರೀಜರಿಗಿಟ್ಟು, ಒಂದೂವರೆ ಗಂಟೆಗೆ ಅಂಚು ಗಟ್ಟಿಯಾದಾಗ ತೆಗೆದು ಚೆನ್ನಾಗಿ ಕಡೆ. ಮತ್ತೆ ಎರಡು ಸಲ ಹಾಗೆಯೇ ಮಾಡು, ಇಲ್ಲವಾದರೆ ಮಂಜಿನ ಹರಳು ಮರಳಿನಂತೆ ನಾಲಗೆಗೆ ಸಿಗುತ್ತದೆ. ಬಡಿಸುವ ಹತ್ತು ನಿಮಿಷ ಮೊದಲು ಹೊರಗಿಡು. ನಾನು ಮೊನ್ನೆ ಮಾಡಿ ನೋಡಿದೆ. ಮೊದಲ ಸಲ ಹೆಪ್ಪುಗಟ್ಟಿದ ಪಾಯಸದಂತಾಯಿತು, ಎರಡನೆಯದು ಚಮಚಕ್ಕೆ ಮೆತ್ತಗೆ ಬಂತು. ಉಡುಪಿಯಲ್ಲಿ ನೀನು ಕೇಳಿ ಕೇಳಿ ತಿನ್ನುತ್ತಿದ್ದ ಗಡ್‌ಬಡ್‌ನಂತೆ ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಐಸ್‌ಕ್ರೀಂ, ಮತ್ತೆ ಹಣ್ಣು ಎಂದು ಹಾಕಿಕೊಡು; ಮಾಣಿಗೂ ತನ್ನದೊಂದು ಲೋಟವಿರಲಿ.

ಕೇಳಬಾರದೆಂದುಕೊಂಡರೂ ಕೇಳುತ್ತೇನೆ: ವೈದ್ಯರು ಕೊಟ್ಟ ಅಡ್ರಿನಲಿನ್ ಸೂಜಿಮದ್ದು ಎಲ್ಲಿದೆ ಎಂದು ಅಳಿಯಂದಿರಿಗೂ ಅತ್ತೆಯವರಿಗೂ ಗೊತ್ತಿದೆಯೇ? ತೊಡೆಯ ಹೊರಬದಿಗೆ ಚುಚ್ಚುವುದನ್ನು ಅವರೂ ವೈದ್ಯರಿಂದ ಕಲಿತಿರಲಿ. ಚುಚ್ಚಿದ ಮೇಲೆ ಸರಿಹೋದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ನಾವು ಕಂಬಳಿ ಹೊದಿಸಿ ಕಾದ ಅರ್ಧ ಗಂಟೆ ನಿಮ್ಮ ಮನೆಯಲ್ಲಿ ಆಗಕೂಡದು. ಮಾಣಿ ಇರುವೆ ಎಂದರೂ, ಮುಳ್ಳು ಎಂದರೂ, ನಾಲಗೆ ದಪ್ಪವಾಗಿದೆ ಎಂದರೂ ನಗದೆ ಕೇಳಿಸಿಕೊಳ್ಳಿ. ಹೊಸದೇನಾದರೂ ಹಾಕಿ ಮಾಡಿದರೆ ಅದರ ಖಾಲಿ ಪೊಟ್ಟಣವನ್ನು ಎರಡು ದಿನ ಎಸೆಯಬೇಡ. ಏನಾದರೂ ಆದರೆ ಕಾರಣ ಹುಡುಕಲು ಅದು ಬೇಕಾಗುತ್ತದೆ, ಮತ್ತು ಕಾರಣ ಸಿಗುವ ಮೊದಲೇ ನಿನ್ನ ಅಂಗೈ ನೋಡಿಕೊಳ್ಳಬೇಡ.

ಆ ನಾದಿನಿಯ ಮಗ ಈಗ ನಲವತ್ತು ದಾಟಿದವನು. ಬಂದಾಗ ನನ್ನ ಕೈಯ ಚಟ್ನಿ ಎರಡೆರಡು ಸಲ ಬಡಿಸಿಕೊಳ್ಳುತ್ತಾನೆ. ಕಾಯಿ ತನಗೆ ಹೇಗೋ ಆಗಿಬಂತು ಎಂದು ಅವನ ತಿಳಿವಳಿಕೆ. ಅವನಿಗೆ ಹೇಳಬೇಕು. ಹೇಗೆಂದು ಇನ್ನೂ ತೋಚಿಲ್ಲ.

ಚೈತ್ರದಲ್ಲಿ ನಾನು ಅಲ್ಲಿಗೆ ಬರುತ್ತೇನೆ. ನಾನು ಹೇಳಿದ್ದನ್ನು ಓದಿದ ಮೇಲೂ ನಿನಗೆ ನನ್ನನ್ನು ಅಡುಗೆಮನೆಗೆ ಸೇರಿಸಲು ಮನಸ್ಸಿದ್ದರೆ ಕಾಯಿ ತುರಿದುಕೊಡುತ್ತೇನೆ. ಉಳಿದದ್ದೆಲ್ಲ ನಿನ್ನ ಕೈಯಿಂದಲೇ ಆಗಲಿ.

ಇಂತಿ,
ನಿನ್ನ ದೊಡ್ಡಮ್ಮ

ತಾ. ಕ.: ಹತ್ತು ಕಾಯಿ, ಕೂವೆ ಹಿಟ್ಟು ಮತ್ತು ಒಂದು ಹೊಸ ಮಿಕ್ಸಿ ಜಾರು ಶನಿವಾರದ ಬಸ್ಸಿನಲ್ಲಿ ಕಳಿಸುತ್ತೇನೆ. ಅತ್ತೆಯವರು ಬೆಣ್ಣೆ ಕಡೆಯುವುದು ಮಿಕ್ಸಿಯಲ್ಲೇ ಎಂದು ನೀನು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಆ ಜಾರಿನ ಮುಚ್ಚಳದ ರಬ್ಬರಿನ ಸಂದಿಯಲ್ಲಿ ಎಷ್ಟು ತೊಳೆದರೂ ಜಿಡ್ಡು ನಿಲ್ಲುತ್ತದೆ. ಹಾಲು ಹಿಂಡುವ ಬಟ್ಟೆಯೂ ಹೊಸದೇ ಇರಲಿ, ಮೊಸರು ಕಟ್ಟಿದ ಬಟ್ಟೆ ಬೇಡ. ಜಾರಿನ ಮೇಲೆ ಮಾಣಿಯ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ.