ಅಪ್ಪಯ್ಯನ ಮಂಡಿ ಮತ್ತು ಬೋಪಣ್ಣ

ಮೆಲ್ಬರ್ನ್
ನವೆಂಬರ್ 2025

ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಆರಾಮ. ದೊಡ್ಡಕ್ಕನಿಗೂ ಮಕ್ಕಳಿಗೂ ಕೇಳಿದೆನೆಂದು ಹೇಳು.

ನಿನ್ನ ಪತ್ರ ಸಿಕ್ಕಿತು. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ಅಪ್ಪಯ್ಯ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕುಂದಾಪುರದವನೊಬ್ಬ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಎರಡು ನೀ ಕ್ಯಾಪ್ ಕೂಡ ಇಟ್ಟಿದ್ದೇನೆ.

ಡಾಕ್ಟರು ಎಡಮಂಡಿ ಬದಲಿಸಲೇಬೇಕು ಎಂದ ಮೇಲೂ ಅಪ್ಪಯ್ಯ ಟೆನಿಸ್ ಆಟಗಾರ ರೋಹನ್ ಬೋಪಣ್ಣನ ಪೇಪರ್ ಕಟಿಂಗ್ ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡು ಕೂತಿದ್ದಾರೆ ಎಂದರೆ ಏನು ಹೇಳುವುದು? "ಅವನ ಮಂಡಿಯಲ್ಲಿ ಕಾರ್ಟಿಲೇಜೇ ಇರಲಿಲ್ಲ, ಯೋಗ ಮಾಡಿ ನಂಬರ್ ಒನ್ ಆದ, ನನಗ್ಯಾಕೆ ಆಪರೇಷನ್?" ಅಂತಾರಂತೆ. ಇದಕ್ಕೆ ನಾನೂ ಸ್ವಲ್ಪ ಕಾರಣ ಅಂತ ನೀನು ಬರೆದದ್ದು ಓದಿ ನಗು ಬಂತು. ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರ ಫೈನಲ್ ನೋಡಿ ಬಂದವನು ಫೋಟೋ ಕಳಿಸದೆ ಇರುತ್ತೇನಾ?

2024ರ ಜನವರಿ 27, ರಾಡ್ ಲೇವರ್ ಅರೀನಾ. ಹೆಂಗಸರ ಫೈನಲ್ ಮುಗಿದ ಮೇಲೆ ಡಬಲ್ಸ್ ಶುರು. ಟಿವಿಯಲ್ಲಿ ಕಾಣದ್ದು ನನಗೆ ಅಲ್ಲಿ ಕಂಡಿತು. ಬೋಪಣ್ಣ ಸರ್ವ್ ಮಾಡುವ ಮೊದಲು ನೆಟ್ ಹತ್ತಿರ ಬಗ್ಗಿ ನಿಂತ ಅವರ ಜೊತೆಗಾರ ಎಬ್ಡೆನ್, ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುತ್ತಾನೆ, ತಾನು ಯಾವ ಕಡೆ ನುಗ್ಗುತ್ತೇನೆ ಅಂತ. ಎದುರಿನವರಿಗೆ ಗೊತ್ತಾಗಬಾರದಲ್ಲ. ಮೊದಲ ಸೆಟ್ಟಿನ ಟೈಬ್ರೇಕ್ ಏಳು–ಸೊನ್ನೆ! ಎರಡನೆಯದು 7-5. ಎದುರಿಗಿದ್ದವರು ಇಟಲಿಯ ಬೊಲೆಲ್ಲಿ ಮತ್ತು ವಾವಸ್ಸೋರಿ. ಎಬ್ಡೆನ್ ಇಲ್ಲಿಯವನೇ, ಹಾಗಾಗಿ ಆಸ್ಟ್ರೇಲಿಯದವರೂ ನಾವೂ ಒಂದೇ ಕಡೆ ಕೂಗಿದೆವು. ಬೋಪಣ್ಣ ನಮ್ಮ ಕೊಡಗಿನವರು ಅಂತ ಪಕ್ಕದವನಿಗೆ ಹೇಳಿದೆ. ಅವನಿಗೆ ಕೊಡಗು ಗೊತ್ತಿಲ್ಲ, ಕಾಫಿ ಬೆಳೆಯುವ ಊರು ಅಂದ ಮೇಲೆ ಮರ್ಯಾದೆ ಕೊಟ್ಟ. ಇಲ್ಲಿಯವರಿಗೆ ಕಾಫಿಯೇ ದೇವರು.

ಆದರೆ ಅಪ್ಪಯ್ಯ ಪೂರ್ತಿ ಕತೆ ಓದಿಲ್ಲ. 2010ರ ಯುಎಸ್ ಓಪನ್ ಫೈನಲ್ ಅವರಿಗೆ ನೆನಪಿರಬೇಕು. ಪಾಕಿಸ್ತಾನದ ಖುರೇಶಿ ಜೊತೆ ಆಡಿ, ಬ್ರಯಾನ್ ಅಣ್ಣತಮ್ಮಂದಿರ ಎದುರು ಎರಡೂ ಸೆಟ್ ಟೈಬ್ರೇಕಿನಲ್ಲಿ ಹೋದದ್ದು. ಅಂದು ಅಪ್ಪಯ್ಯ ಟಿವಿ ಆಫ್ ಮಾಡಿ ಊಟ ಬೇಡ ಅಂದಿದ್ದರು. 2017ರಲ್ಲಿ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು ಸರಿ, ಗಂಡಸರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಮಾತ್ರ ಬರಲೇ ಇಲ್ಲ. ಮಧ್ಯೆ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಸಾಕು ಬಿಡುತ್ತೇನೆ ಅಂತ ಹೆಂಡತಿಗೆ ಹೇಳಿಕಳಿಸಿದ್ದರಂತೆ. ಆಮೇಲೆ 43ನೇ ವಯಸ್ಸಿಗೆ ಇಲ್ಲಿ ಗೆಲುವು, ಡಬಲ್ಸ್ ನಂಬರ್ ಒನ್, ಮಾರ್ಚಲ್ಲಿ 44ಕ್ಕೆ ಮಯಾಮಿಯಲ್ಲೂ ಗೆಲುವು.

ಯೋಗದ್ದೂ ನಿಜ. ಆದರೆ ಅದು ಅಯ್ಯಂಗಾರ್ ಯೋಗ. ಬೆಲ್ಟು, ದಿಂಬು, ಕುರ್ಚಿ ಇಟ್ಟುಕೊಂಡು, ಗುರುಗಳು ಎದುರಿಗೆ ನಿಂತು ಮಾಡಿಸುವಂಥದ್ದು. ಜೊತೆಗೆ ಫಿಸಿಯೋ ಬೇರೆ. ಅಪ್ಪಯ್ಯ ಮೊಬೈಲ್ ನೋಡಿಕೊಂಡು ಸಿಮೆಂಟ್ ನೆಲದ ಮೇಲೆ ವಜ್ರಾಸನ ಹಾಕುವುದು ಯಾವ ಯೋಗ? ಅದನ್ನು ಮೊದಲು ನಿಲ್ಲಿಸು. ಬೋಪಣ್ಣ ಕೂಡ ಈ ತಿಂಗಳ ಒಂದರಂದು ರ‍್ಯಾಕೆಟ್ ಕೆಳಗಿಟ್ಟರು. ಆ ಕಟಿಂಗ್ ಅಂಟಿಸಿದ್ದಾರಾ ಕೇಳು.

ಡಬಲ್ಸ್‌ನಲ್ಲಿ ಒಬ್ಬನ ಕಾಲು ನಡೆಯದಿದ್ದರೆ ಇನ್ನೊಬ್ಬ ಇಡೀ ಕೋರ್ಟ್ ಓಡಬೇಕು. ಗ್ಯಾಸ್ ಸಿಲಿಂಡರ್ ಉರುಳಿಸುವುದು, ಬೆಳಗಾದರೆ ತೋಟಕ್ಕೆ ನೀರು, ರೇಷನ್, ಎಲ್ಲ ಈಗ ನಿನ್ನ ತಲೆಗೆ ಬಿದ್ದಿದೆ. ನೀನು ಬರೆಯಲಿಲ್ಲ, ದೊಡ್ಡಕ್ಕ ಹೇಳಿದಳು.

ಉಡುಪಿ ಪರ್ಯಾಯ ಮುಗಿಯಲಿ ಅಂತ ಅಪ್ಪಯ್ಯ ಅನ್ನುವುದು ಸುಮ್ನೆ ನೆವ. ಜನವರಿ 18ಕ್ಕೆ ಶಿರೂರು ಮಠದ ಪರ್ಯಾಯ, ಜೋಡುಕಟ್ಟೆಯಿಂದ ರಥಬೀದಿವರೆಗೆ ರಾತ್ರಿಯಿಡೀ ಆ ಮಂಡಿಯಲ್ಲಿ ನಿಲ್ಲುತ್ತಾರಾ? ಆಪರೇಷನ್ ಡಿಸೆಂಬರ್ ಮೊದಲಿಗೇ ಆದರೆ ಅಷ್ಟೊತ್ತಿಗೆ ಎಷ್ಟು ನಡೆಯಬಹುದು ಅಂತ ಡಾಕ್ಟರನ್ನು ಕೇಳು. ಮಾವನ ಅಂಗಡಿ ಜಗಲಿಯಲ್ಲಿ ಕುರ್ಚಿ ಹಾಕಿಸೋಣ. ಕೂತೇ ನೋಡಲಿ.

ದುಡ್ಡಿನ ಯೋಚನೆ ಬೇಡ. ನಿಜವಾಗಿಯೂ ಬೇಡ. ನನ್ನ ಹತ್ತಿರ ಇದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಕುಚ್ಚಲಕ್ಕಿ ಸಿಗುತ್ತದೆ, ಕೆಮ್ಮು ಹೋಗಿದೆ. ರಜೆಗೂ ತೊಂದರೆ ಇಲ್ಲ. ಕುದುರೆ ಓಟಕ್ಕೆ ಊರಿಗೆ ಊರೇ ಸರಕಾರಿ ರಜೆ ಕೊಡುವ ಜಾಗ ಇದು, ಮೊನ್ನೆ ಮಂಗಳವಾರ ಅದೇ ಆಯಿತು. ಕಂಬಳಕ್ಕೆ ನಮಗೆ ಯಾರು ಕೊಟ್ಟರು ಹೇಳು! ತಾರೀಕು ಗೊತ್ತಾದ ಕೂಡಲೇ ಟಿಕೆಟ್ ಮಾಡುತ್ತೇನೆ. ಹೆದರಬೇಡ, ಇದು ಈಗ ಎಲ್ಲರಿಗೂ ಮಾಡುವ ಆಪರೇಷನ್.

ಕುಂದಾಪುರದವನು ಬಂದು ಬಾಗಿಲಲ್ಲೇ ನಿಂತಿದ್ದಾನೆ. ಚಿಕ್ಕಮ್ಮನಿಗೆ ಬೇರೆ ಬರೆಯುತ್ತೇನೆ. ಎಕ್ಸ್‌ರೇ ಫೋಟೋ ದೊಡ್ಡಕ್ಕನ ವಾಟ್ಸಾಪ್‌ನಿಂದ ಕಳಿಸು, ಮರೆಯಬೇಡ.

ನಿನ್ನ
ಪುಟ್ಟ