ಡಿಎ ಏರಿತು, ಸಂಬಳ ಇಳಿಯಿತು

ಮಾನ್ಯ ಸಂಪಾದಕರೇ,

ಏಪ್ರಿಲ್‌ನಿಂದ ಡಿಎ (ತುಟ್ಟಿಭತ್ಯೆ) ಜಾಸ್ತಿ ಅಂತ ನಿಮ್ಮಲ್ಲಿ ಬಂದಿದ್ದ ಸುದ್ದಿಯನ್ನು ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿ ಲೈನ್‌ನ ಹೆಣ್ಣುಮಕ್ಕಳೆಲ್ಲ ಊಟದ ಹೊತ್ತಲ್ಲಿ ಮೊಬೈಲಲ್ಲಿ ಓದಿದ್ದೆವು. ನಿನ್ನೆ ಪೇ ಸ್ಲಿಪ್ ಬಂತು. ನೋಡಿ ಹೊಟ್ಟೆ ಉರಿದುಹೋಯಿತು.

ಡಿಎ 540 ರೂಪಾಯಿ ಏರಿದೆ, ನಿಜ. ಅದರ ಕೆಳಗೆ ಪ್ರತಿ ತಿಂಗಳೂ ಇರುತ್ತಿದ್ದ ಹಾಜರಾತಿ ಬೋನಸ್ 500 ರೂಪಾಯಿ ಈ ಸಲ ಸೊನ್ನೆ. ನಾನು ಒಂದು ದಿನವೂ ರಜೆ ಹಾಕಿಲ್ಲ. ಉಳಿದ 40ಕ್ಕೂ ಕುತ್ತು ಬಂತು. ಏರಿದ ಡಿಎ ಮೇಲೆ ಶೇ 12 ಪಿಎಫ್ ಅಂತ 65 ರೂಪಾಯಿ ಹಿಡಿದರು. ಅಲ್ಲಿಗೆ ಹೋದ ತಿಂಗಳಿಗಿಂತ 25 ರೂಪಾಯಿ ಕಡಿಮೆ ಕೈಗೆ ಬಂತು. ಪಿಎಫ್ ನಮ್ಮದೇ ದುಡ್ಡು, ಬೇಜಾರಿಲ್ಲ. ಬೋನಸ್ ಯಾಕೆ ತೆಗೆದಿರಿ ಅಂತ ಕೇಳಿದರೆ, "ಡಿಎ ಬಂತಲ್ಲಮ್ಮ, ಎಲ್ಲ ಸೇರಿ ಅಷ್ಟೇ" ಅಂದರು ಎಚ್‌ಆರ್‌ನವರು.

ಡಿಎ ಕಂಪನಿಯವರು ಕೊಡುವ ಇನಾಮಲ್ಲ. ಬೇಳೆ, ಎಣ್ಣೆ, ಬಾಡಿಗೆ ಎಷ್ಟು ತುಟ್ಟಿಯಾಯಿತು ಅಂತ ಬೆಲೆ ಸೂಚ್ಯಂಕ ನೋಡಿ ಸರ್ಕಾರ ವರ್ಷಕ್ಕೊಮ್ಮೆ ಏರಿಸುವುದು. ಅದನ್ನು ನಮ್ಮ ಬೋನಸ್‌ನಿಂದಲೇ ತುಂಬಿಸಿಕೊಂಡರೆ ಏರಿಸಿ ಏನು ಬಂತು? ಟಾರ್ಗೆಟ್ ಮಾತ್ರ ಗಂಟೆಗೆ 60 ಕಾಲರ್ ಇದ್ದದ್ದು 70 ಆಗಿದೆ. ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಬೈಯುತ್ತಾರೆ.

ಇವತ್ತು ರಜೆ ಹಾಕಿ ಶಾಂತಿಗ್ರಾಮದಿಂದ ಕಾರ್ಮಿಕ ಇಲಾಖೆ ಕಚೇರಿಗೆ ಹೋದೆ. ಬಸ್ಸು ನಮಗೆ ಫ್ರೀ, ಆದರೆ ಒಂದು ದಿನದ ಸಂಬಳ ಹೋಯಿತು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಸೋಮವಾರ ಬನ್ನಿ ಅಂದರು. ಹೋದ ವರ್ಷ ನಮ್ಮ ಅತ್ತಿಗೆಯ ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಸಿಗಬೇಕಾದ ಹಣ) ಅರ್ಜಿಗೂ ಇದೇ ಸೋಮವಾರ. ನಾಲ್ಕು ಸಲ ಅಲೆದು ಕೊನೆಗೆ ಅವಳು ಕೈಬಿಟ್ಟಳು. ಇಲಾಖೆಯಿಂದ ಫ್ಯಾಕ್ಟರಿ ತಪಾಸಣೆಗೆ ಬರುವವರೂ ಆಫೀಸ್ ರೂಮಲ್ಲಿ ಕಾಫಿ ಕುಡಿದು ಹೋಗುತ್ತಾರೆ, ಮಿಷನ್ ಹತ್ತಿರ ಬಂದು ನಮ್ಮನ್ನು ಒಂದು ಮಾತು ಕೇಳಿದ್ದು ನಾನು ನೋಡಿಲ್ಲ. ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಬೀದಿ ದೀಪ ಇಲ್ಲ, ಓಟಿ ಮುಗಿಸಿ ಕತ್ತಲಲ್ಲಿ ನಡೆಯುತ್ತೇವೆ. ಅದನ್ನೂ ಎಷ್ಟು ಸಲ ಬರೆದುಕೊಟ್ಟಿದ್ದೇವೆ!

ಕಾರ್ಮಿಕ ಇಲಾಖೆಯವರೇ, ಬೋನಸ್ ವಾಪಸ್ ಕೊಡಿಸಿ. ಇಲ್ಲವಾದರೆ ಕಂಪನಿಯವರನ್ನು ಕರೆಸಿ ನಮ್ಮ ಎದುರೇ ಲೆಕ್ಕ ಕೇಳಿ. ದೀಪವನ್ನಾದರೂ ಹಾಕಿಸಿ. ಸೋಮವಾರ ಮತ್ತೆ ಬರುತ್ತೇನೆ, ಆವತ್ತಾದರೂ ಸಾಹೇಬರು ಕುರ್ಚಿಯಲ್ಲಿ ಇರಲಿ.

– ಗಾರ್ಮೆಂಟ್ಸ್ ಕೆಲಸದವಳು, ಹಾಸನ